ಅರ್ಧ ಮನೆ ಆಚೆ

"ಈ ಬಟ್ಟೆ ಯಾಕೆ ಒಣಗೇ ಬರ್ತೈತೆ?"

ಅನ್ನಪೂರ್ಣಮ್ಮ ಹೀಗೆ ಕೇಳಿದ್ದು ಬೆಳಬೆಳಿಗ್ಗೆ, ಹಿತ್ತಲಿನ ಒಗೆಯುವ ಕಲ್ಲಿನ ಮುಂದೆ ನಿಂತು. ಮಗಳು ಬಿಂದು ಹಲ್ಲುಜ್ಜುತ್ತಿದ್ದಳು. ಬಾಯಿ ತುಂಬ ನೊರೆ ಇದ್ದುದರಿಂದ ತಕ್ಷಣ ಉತ್ತರ ಕೊಡುವ ಕಷ್ಟ ತಪ್ಪಿತು.

ಅಂಗೈಯಗಲದ ಹತ್ತಿ ಬಟ್ಟೆ ಅದು. ಒಂದು ಮೂಲೆಗೆ ದಾರ, ದಾರದ ತುದಿಗೆ ಸೀಸದ ಗುಂಡು. ಸ್ಯಾಕ್ಸೋಫೋನ್ ಊದಿ ಮುಗಿಸಿದ ಮೇಲೆ ಗುಂಡನ್ನು ಅದರೊಳಗೆ ಇಳಿಬಿಟ್ಟು ಎಳೆದರೆ ಉಸಿರಿನ ತೇವ, ಉಗುಳು ಎಲ್ಲವನ್ನೂ ಬಟ್ಟೆ ಹೀರಿಕೊಂಡು ಹೊರಗೆ ಬರುತ್ತದೆ. ಹದಿಮೂರು ವರ್ಷದಿಂದ ಈ ಬಟ್ಟೆ ಒಗೆದವಳು ಅನ್ನಪೂರ್ಣಮ್ಮ. ಪ್ರೀತಿಯಿಂದ ಒಗೆದಳು ಎಂದುಕೊಂಡರೆ ನಿಮ್ಮ ತಪ್ಪು. ಎರಡೇ ಬೆರಳಲ್ಲಿ ಮೂಲೆ ಹಿಡಿದು, ಮುಖ ಅತ್ತ ತಿರುಗಿಸಿ, ಸತ್ತ ಇಲಿಯನ್ನು ಎತ್ತಿದ ಹಾಗೆ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು. ಒಗೆದದ್ದನ್ನು ಲಿಂಗಪೂಜೆಯ ವಸ್ತ್ರ ಒಣಗುವ ಹಗ್ಗಕ್ಕೆ ಸೋಕದಂತೆ ದೂರದ ಸೀಬೆ ಗಿಡದ ಮೇಲೆ ಎಸೆಯುತ್ತಿದ್ದಳು. ಮಗಳೇ ಒಗೆಯಬಹುದಿತ್ತು. ಆದರೆ ಮಗಳು ಒಗೆದರೆ ನೀರು ಎಲ್ಲೆಲ್ಲಿ ಸಿಡಿಯುತ್ತದೋ ಎಂಬ ಭಯ ಅಮ್ಮನಿಗೆ.

"ನಿನ್ನೆ ಬಬ್ಬೂರಲ್ಲಿ ಪ್ರೋಗ್ರಾಂ ಇತ್ತಲ್ಲ? ಹೋದ ವಾರ ಹಿರಿಯೂರಲ್ಲಿ? ಆವಾಗ್ಲೂ ಹಿಂಗೇ ಗರಿಗರಿ ಅಂತಿತ್ತು."

ಬಿಂದು ಬಾಯಿ ಮುಕ್ಕಳಿಸಿದಳು. "ಸ್ಟೇಜ್ ಮೇಲೆ ಗಾಳಿ ಜಾಸ್ತಿ ಅಮ್ಮ. ಒಣಗೋಗ್ತೈತೆ."

"ಗಾಳಿ," ಎಂದಳು ಅನ್ನಪೂರ್ಣಮ್ಮ. ಆ ಒಂದು ಮಾತಿನಲ್ಲೇ ಮಗಳ ಸುಳ್ಳನ್ನು ಮಡಚಿ ಬದಿಗಿಟ್ಟಳು. "ಹೊಸದುರ್ಗದಿಂದ ನಿಮ್ಮತ್ತೆ ದಾಕ್ಷಾಯಣಿ ಫೋನ್ ಮಾಡಿದ್ಲು. ಊದೋದೇ ಇಲ್ವಂತೆ ನೀನು. ಬರೇ ಬಾಯಿಗಿಟ್ಕಂಡು ನಿಂತಿರ್ತೀಯಂತೆ. ಒಳ್ಳೇದೇ ಆತು ಬಿಡ್ರಿ ಅತ್ತಿಗೆ, ಎಂಜಲೂ ಇಲ್ಲ ಏನೂ ಇಲ್ಲ ಅಂದ್ಲು. ಹೌದಾ?"

ಬಿಂದು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಹಿಂದಿನಿಂದ ಅಮ್ಮನ ದನಿ ಬಂತು: "ಶನಿವಾರ ಹೊಸದುರ್ಗದ ಪ್ರೋಗ್ರಾಮಿಗೆ ನಾನೂ ಬರ್ತೀನಿ. ತಮ್ಮನ ಮನೇಲಿ ಉಳ್ಕಂತೀನಿ."

ಬಂದು ಏನು ನೋಡುತ್ತಾಳೆ? ಮಗಳು ಕೊನೆಗೂ ಊದುವುದನ್ನು ಬಿಟ್ಟಳು ಎಂದು ಕಣ್ತುಂಬ ನೋಡಿ ನೆಮ್ಮದಿಯಾಗಿ ಮಲಗುತ್ತಾಳೆ. ಬಿಂದುವಿಗೆ ಹಾಗೇ ಅನ್ನಿಸಿತು. ಯಾಕೆಂದರೆ ದಾಕ್ಷಾಯಣಮ್ಮ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಆ ಸ್ಯಾಕ್ಸೋಫೋನ್ ಮನೆಗೆ ಬಂದದ್ದು ಗುಜರಿಯಾಗಿ. ಹೊಳಲ್ಕೆರೆಯಲ್ಲಿ ಬಿಂದುವಿನ ಅಪ್ಪ ನಾಗರಾಜಪ್ಪನದು ಪಾತ್ರೆ ಅಂಗಡಿ. ಹಳೆಯ ಹಿತ್ತಾಳೆ ತಂದುಕೊಟ್ಟವರಿಗೆ ತೂಕಕ್ಕೆ ತಕ್ಕಂತೆ ಹೊಸ ಸ್ಟೀಲು ಕೊಡುವ ವ್ಯಾಪಾರ. ಬಿಂದು ಪಿಯುಸಿ ಓದುತ್ತಿದ್ದಾಗ ಚಿತ್ರದುರ್ಗದ ಅನೀಸ್ ಮಾಸ್ತರರು ಗೋಣಿಚೀಲ ಹೊತ್ತುಕೊಂಡು ಬಂದರು. ಮದುವೆ ಮೆರವಣಿಗೆಗಳಿಗೆ ಡಿಜೆ ಬಂದು ಅವರ ಬ್ಯಾಂಡ್ ಸೆಟ್ ಮುಚ್ಚಿತ್ತು. ಅದರ ಜೊತೆಗೆ ಮಾಸ್ತರರ ಮುಂದಿನ ಹಲ್ಲುಗಳೂ ಉದುರಿದ್ದವು. ಹಲ್ಲಿಲ್ಲದ ಬಾಯಲ್ಲಿ ಸ್ಯಾಕ್ಸೋಫೋನ್ ನಿಲ್ಲುವುದಿಲ್ಲ, ಕಟ್ಟಿಸಿಕೊಂಡ ಹಲ್ಲು ಜಾರುತ್ತದೆ. ಚೀಲದಲ್ಲಿದ್ದದ್ದನ್ನೆಲ್ಲ ತಕ್ಕಡಿಗೆ ಸುರಿದು ಅವರು ಆ ಕಡೆ ಮುಖ ಮಾಡಿ ನಿಂತರು.

ಕುಕ್ಕರ್ ಮುಚ್ಚಳ ಜೋಡಿಸುತ್ತಿದ್ದ ಬಿಂದು ಆ ರಾಶಿಯಿಂದ ಸ್ಯಾಕ್ಸೋಫೋನನ್ನು ಎಳೆದುಕೊಂಡು ತೊಡೆಯ ಮೇಲಿಟ್ಟುಕೊಂಡಳು. "ಅದು ಕುಲುಮೆಗೆ ಹೋಗೋದು ಕಣೇ," ಎಂದ ಅಪ್ಪ. ಅವಳು ಕೊಡಲಿಲ್ಲ. ಗುಜರಿ ಲಾರಿ ಬಂತು, ಹೋಯಿತು, ಅವಳು ಏಳಲಿಲ್ಲ. ನಾಗರಾಜಪ್ಪನಿಗೆ ಗಿರಾಕಿಗಳ ಮುಂದೆ ಮಗಳ ಜೊತೆ ಜಗ್ಗಾಡುವುದು ನಾಚಿಕೆ. ಹೀಗೆ ಕೊಡವಾಗಬೇಕಿದ್ದ ಹಿತ್ತಾಳೆ ಉಳಿದುಕೊಂಡಿತು.

ಮನೆಯಲ್ಲಿ ರಣರಂಗ. "ಕುಲುಮೆಗೆ ಹೋಗಿ ಕರಗಿ ಬಿಂದಿಗೆ ಆಗಿ ಬರ್ಲಿ, ಅಡುಗೆಮನೇಲೇ ಇಟ್ಕಂತೀನಿ. ಬೆಂಕಿಗೆ ಎಂಜಲಿಲ್ಲ," ಎಂದಳು ಅನ್ನಪೂರ್ಣಮ್ಮ. "ಹಂಗೇ ಬಾಯಿಗಿಟ್ಕಂತೀನಿ ಅಂದ್ರೆ ಹೆಂಗೆ? ವೀಣೆ ಕಲಿ, ಹಾರ್ಮೋನಿಯಂ ಕಲಿ, ಬೇಡ ಅನ್ನಲ್ಲ. ಕೈಲಿ ನುಡ್ಸೋದು ಕಲಿ. ಬಾಯಲ್ಲಿ ಊದೋ ಎಂಜಲ ವಾದ್ಯ ನಮ್ಮನೆ ಹೆಣ್ಮಕ್ಳಿಗಲ್ಲ." ಬೀದಿಯವರು ಕೇಳಿದರು, ನೆಂಟರು ಕೇಳಿದರು, ನೋಡಲು ಬಂದ ಗಂಡಿನ ಕಡೆಯವರೂ ಒಮ್ಮೆ ಕೇಳಿ ಕಾಫಿ ಕುಡಿಯದೆ ಎದ್ದುಹೋದರು. ಬಿಂದು ಊದುತ್ತಲೇ ಇದ್ದಳು. ಅವಳ ಹಟ ಅಂಥದು. ಕೆನ್ನೆ ಉಬ್ಬಿಸಿಕೊಂಡು ಊದುವ ಹುಡುಗಿಯನ್ನು ನೋಡಿ ನಗುವವರು ನಗಲಿ ಎಂದು ಕಿಟಕಿ ತೆರೆದಿಟ್ಟೇ ಊದಿದಳು.

ಭಾನುವಾರದ ಬಸ್ಸಿಗೆ ಚಿತ್ರದುರ್ಗ. ಕೋಟೆಯ ಕೆಳಗಿನ ಓಣಿಯಲ್ಲಿ ಅನೀಸ್ ಮಾಸ್ತರರ ಮನೆ. ತಮ್ಮದೇ ಸ್ಯಾಕ್ಸೋಫೋನ್ ಬಾಗಿಲಿಗೆ ಬಂದು ನಿಂತದ್ದು ನೋಡಿ ಅವರು ಮೊದಲು ಬೈದರು, ಆಮೇಲೆ ಅತ್ತರು, ಅದಾದ ಮೇಲೆ ಕಲಿಸಿದರು. ಅವರು ಊದುವ ಹಾಗಿಲ್ಲ, ಹಾರ್ಮೋನಿಯಂ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಹಾರ್ಮೋನಿಯಂ ಕಟ್ಟೆಗಳಿಗೆ, ಅಂದರೆ ಬೆರಳಲ್ಲಿ ಒತ್ತುವ ಬಿಳಿ ಕಪ್ಪು ಪಟ್ಟಿಗಳಿಗೆ, ನಮ್ಮಲ್ಲಿ ಮನೆ ಎಂದೇ ಹೆಸರು. ಒಂದನೇ ಮನೆ, ಎರಡನೇ ಮನೆ, ನಡುವಿನ ಕಪ್ಪು ಕಟ್ಟೆಗೆ ಒಂದೂವರೆ ಮನೆ. ಒಂದು ಕಟ್ಟೆಯಿಂದ ಅದಕ್ಕೆ ಅಂಟಿಕೊಂಡಿರುವ ಕಟ್ಟೆಗೆ ಅರ್ಧ ಮನೆ ದೂರ. ಅದಕ್ಕಿಂತ ಹತ್ತಿರದ ನೆರೆ ಸಂಗೀತದಲ್ಲಿಲ್ಲ.

"ಕಾರ್ಡ್ ಅಂದ್ರೆ ಏನು ಬೇಟಿ? ಒಂದೇ ಓಣೀಲಿರೋ ಮೂರು ಜನ ಬಾಡಿಗೆದಾರರು," ಎಂದು ಮೂರು ಬೆರಳು ಒತ್ತಿ ಮೂರು ಸ್ವರ ಒಟ್ಟಿಗೆ ನುಡಿಸುತ್ತಿದ್ದರು. "ಹಾಡು ಮುಂದಿನ ಕಾರ್ಡಿಗೆ ಹೋತು ಅಂದ್ಕ. ದಡ್ಡ ಏನ್ಮಾಡ್ತಾನೆ? ಮೂವರಿಗೂ ಗಂಟುಮೂಟೆ ಕಟ್ಸಿ ಬೇರೆ ಊರಿಗೆ ಕಳಿಸ್ತಾನೆ. ಯಾಕಪ್ಪ ಅಷ್ಟು ದೂರ? ನೋಡು, ಇವನಿಗೆ ಹೊಸ ಕಾರ್ಡಲ್ಲೂ ಜಾಗ ಐತೆ, ಇವನು ಇದ್ದಲ್ಲೇ ಇರ್ಲಿ. ಇವನು ಅರ್ಧ ಮನೆ ಸರಿದ್ರೆ ಸಾಕು. ಇವನು ಒಂದು ಮನೆ. ಮುಗೀತು. ಯಾರಿಗೂ ಆಯಾಸ ಇಲ್ಲ, ಕೇಳೋರಿಗೆ ಜೇನು."

"ನನಗಿರೋದು ಒಂದೇ ಗಂಟಲಲ್ಲ ಮಾಸ್ತರ್ರೆ. ಮೂವರನ್ನ ಎಲ್ಲಿಂದ ತರ್ಲಿ?"

"ಒಬ್ಬನ ಬೆನ್ನು ಹಿಡಿ. ಹಾಡು ಹತ್ತು ಕಡೆ ಜಿಗೀಲಿ, ನೀನು ಪಕ್ಕದ ಮನೇಗೇ ಹೋಗು. ಜಿಗಿಯೋದು ಯಾರಿಗೂ ಬರ್ತೈತೆ. ಹತ್ರ ಹೋಗೋದು ಕಷ್ಟ."

ತಪ್ಪು ಸ್ವರ ಬಂತೆಂದು ಅವಳು ಊದುವುದನ್ನು ನಿಲ್ಲಿಸಿದರೆ ಮಾತ್ರ ಮಾಸ್ತರರಿಗೆ ಸಿಟ್ಟು ಬರುತ್ತಿತ್ತು. "ನಿಲ್ಲಿಸ್ಬೇಡ! ತಪ್ಪು ಸ್ವರ ಅಂದ್ರೆ ಸರಿ ಸ್ವರದ ಪಕ್ಕದ ಮನೆ. ಅರ್ಧ ಮನೆ ಆಚೆಗೋ ಈಚೆಗೋ ಬಾಗಿಲು ತಗ್ದೇ ಇರ್ತೈತೆ. ಅಲ್ಲೇ ಬೀದೀಲಿ ನಿಂತು ಅಳ್ತೀಯಲ್ಲ, ಅದು ತಪ್ಪು."

ಹೀಗೆ ಕಲಿತವಳು ಹಿರಿಯೂರಿನ ಗುರುರಾಜನ ಆರ್ಕೆಸ್ಟ್ರಾ ಸೇರಿದ್ದು ಕಳೆದ ಮಳೆಗಾಲದಲ್ಲಿ. ಗುರುರಾಜ ಕೀಬೋರ್ಡ್ ನುಡಿಸುತ್ತಾನೆ, ಆರ್ಕೆಸ್ಟ್ರಾ ಅವನದೇ. ಗಣೇಶನ ಪೆಂಡಾಲಿರಲಿ, ರಾಜ್ಯೋತ್ಸವವಿರಲಿ, ಸುತ್ತಲ ತಾಲ್ಲೂಕುಗಳಲ್ಲಿ ರಸಮಂಜರಿ ಎಂದರೆ ಅವನನ್ನೇ ಕರೆಯುತ್ತಾರೆ. ಬೆರಳಿನಲ್ಲಿ ವಿದ್ಯೆ ಇಲ್ಲದವನಲ್ಲ. ಆದರೆ ವಿದ್ಯೆಗಿಂತ ಗುಂಡಿಗಳ ಮೇಲೆ ಅವನಿಗೆ ಭಕ್ತಿ ಹೆಚ್ಚು. ಒಂದು ಗುಂಡಿ ಒತ್ತಿದರೆ ಕೀಬೋರ್ಡು ಕೊಳಲಾಗುತ್ತದೆ, ಇನ್ನೊಂದು ಒತ್ತಿದರೆ ಪಿಟೀಲಾಗುತ್ತದೆ, ಮತ್ತೊಂದು ಒತ್ತಿದರೆ ಸ್ಯಾಕ್ಸೋಫೋನ್.

ಮೊದಲ ಕಾರ್ಯಕ್ರಮದ ದಿನ ಪೋಸ್ಟರಿನಲ್ಲಿ ಬಿಂದುವಿನ ಫೋಟೋ ಎಲ್ಲರಿಗಿಂತ ದೊಡ್ಡದಿತ್ತು. ಕೆಳಗೆ 'ಸ್ಯಾಕ್ಸೋಫೋನ್ ರಾಣಿ'. ಅವಳು ಆ ಪೋಸ್ಟರನ್ನು ಮೊಬೈಲಿನಲ್ಲಿ ಹಿಡಿದು ಹತ್ತು ಜನಕ್ಕೆ ಕಳಿಸಿದ್ದಳು. ಸ್ಟೇಜು ಹತ್ತುವ ಮುಂಚೆ ಗುರುರಾಜ ಹತ್ತಿರ ಬಂದು ರೀಡು ಬಿಚ್ಚಲು ಹೇಳಿದ. ರೀಡು ಎಂದರೆ ಬಾಯಿಗಿಡುವ ಕಡೆ ಕಟ್ಟುವ ತೆಳ್ಳನೆಯ ಬಿದಿರಿನಂಥ ಪಟ್ಟಿ. ಅದು ಅದುರಿದರೇ ಸದ್ದು, ಅದಿಲ್ಲದಿದ್ದರೆ ಸ್ಯಾಕ್ಸೋಫೋನು ನೀರಿನ ಪೈಪಿಗೆ ಸಮ.

"ಬಿಚ್ಚಿದ್ರೆ ಹೆಂಗೆ ಊದ್ಲಿ ಸಾರ್?"

"ನೀನು ಊದೋದು ಬ್ಯಾಡ ಕಣಮ್ಮ. ನಾನು ಸ್ಯಾಕ್ಸ್ ಟೋನ್ ನುಡಿಸ್ತೀನಿ. ನೀನು ಬಾಯಿಗಿಟ್ಕಂಡು ಬೆರಳಾಡಿಸ್ತಾ ನಿಂತ್ಕ. ಲೈವ್ ಅಂದ್ರೆ ರಿಸ್ಕು. ಶ್ರುತಿ ಹೆಚ್ಚುಕಮ್ಮಿ ಆದ್ರೆ ಹೋಗೋದು ನನ್ನ ಹೆಸರು."

ಅವಳ ಮುಂದೆ ಒಂದು ಮೈಕೂ ಇಟ್ಟಿದ್ದ. ಅದರ ವೈರು ಕಾರ್ಪೆಟ್ಟಿನ ಕೆಳಗೆ ಹೋಗಿ ಅಲ್ಲೇ ಮುಗಿದಿತ್ತು. ಎರಡು ಪ್ರೋಗ್ರಾಂ ಆಗಲಿ, ನಂಬಿಕೆ ಬಂದ ಮೇಲೆ ಊದಲು ಬಿಡುತ್ತಾನೆ ಎಂದುಕೊಂಡಳು ಬಿಂದು. ಸ್ಟೇಜಿನ ಆಸೆ ಕೆಟ್ಟದ್ದು ಸ್ವಾಮಿ, ಎಂಥ ಹಟಮಾರಿಯನ್ನೂ ಗೊಂಬೆ ಮಾಡುತ್ತದೆ. ಅಮ್ಮನಿಗೆ ಹೆದರದವಳು, ಬೀದಿಗೆ ಹೆದರದವಳು, ಲೈಟಿನ ಕೆಳಗೆ ಉಸಿರು ಕಟ್ಟಿಕೊಂಡು ಕೆನ್ನೆ ಉಬ್ಬಿಸಿ ನಿಂತಳು. ಜನ ಶಿಳ್ಳೆ ಹೊಡೆದರು. ಆ ಶಿಳ್ಳೆ ಗುರುರಾಜನ ಬೆರಳಿಗೆ ಸೇರಿದ್ದು ಎಂದು ಅವಳಿಗೆ ಗೊತ್ತಿತ್ತು. ಹೀಗೇ ಚಳಿಗಾಲ ಬಂತು.

ಅಮ್ಮ ಬಟ್ಟೆಯ ವಿಷಯ ಕೇಳಿದ ದಿನವೇ ಬಿಂದು ಅಂಗಡಿಗೆ ರಜೆ ಹೇಳಿ ಚಿತ್ರದುರ್ಗದ ಬಸ್ಸು ಹತ್ತಿದಳು. ಮಾಸ್ತರರಿಗೆ ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಹೇಳಿದಳು. ಅವರು ಬಾಯಿಂದ ಹಲ್ಲಿನ ಸೆಟ್ಟನ್ನು ತೆಗೆದು ಲೋಟದ ನೀರಿಗೆ ಹಾಕಿದರು. ಅವರಿಗೆ ನಿಜವಾದ ಸಿಟ್ಟು ಬಂದಾಗ ಹಾಗೆ ಮಾಡುತ್ತಿದ್ದರು, ಮಾತು ಸಡಿಲವಾಗಿ ಬರಲಿ ಎಂದು.

"ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಅಂತಾರೆ," ಎಂದರು. "ನಿನಗೆ ಎರಡೂ ಐತಲ್ಲೇ! ನಾನು ಹಲ್ಲಿಲ್ದೆ ಊದಲ್ಲ. ನೀನು ಹಲ್ಲಿದ್ದೂ ಊದಲ್ಲ. ಇದಕ್ಕೇನಾ ಕುಲುಮೆಯಿಂದ ಉಳ್ಸಿದ್ದು? ಕೊಡ ಆಗಿದ್ರೆ ಯಾರಾದ್ರೂ ನೀರಾದ್ರೂ ಕುಡೀತಿದ್ರು."

ಬಿಂದುವಿನ ಕಣ್ಣಲ್ಲಿ ನೀರು ಬಂತು. ಅವಮಾನದ ನೀರು, ಸಿಟ್ಟಿನದೂ ಹೌದು. "ಶನಿವಾರ ಊದ್ತೀನಿ ಮಾಸ್ತರ್ರೆ. ರೀಡು ಹಾಕ್ಕಂಡೇ ಹತ್ತೀನಿ. ಪಲ್ಲವಿ ಆದ್ಮೇಲೆ ಅವನು ನುಡಿಸೋ ಬಿಟ್ ಮ್ಯೂಸಿಕ್ಕನ್ನೇ ಅವನಿಗಿಂತ ಚೆನ್ನಾಗಿ ಊದ್ತೀನಿ."

"ಊದು. ಯಾರಿಗೆ ಗೊತ್ತಾಗ್ತೈತೆ? ಅವನೂ ಅದೇ ಸ್ವರ, ನೀನೂ ಅದೇ ಸ್ವರ. ಇಷ್ಟು ದಿನ ನೀನೇ ಊದ್ತಿದೀಯ ಅಂತ ಚಪ್ಪಾಳೆ ಹೊಡ್ದೋರು ಅವತ್ತೂ ಹೊಡೀತಾರೆ. ನಿಮ್ಮತ್ತೆ ಕೀಬೋರ್ಡು ಅಂತಾಳೆ. ಅವನು ಹಾಕಿದ ರಂಗೋಲಿ ಮೇಲೆ ನೀನು ಇನ್ನೊಂದ್ಸಲ ಪುಡಿ ಉದುರಿಸ್ದಂಗೆ."

ಅದು ಅವಳಿಗೆ ಹೊಳೆದೇ ಇರಲಿಲ್ಲ.

"ಅವನ ಬೆರಳು ನುಡಿಸ್ದೇ ಇರೋದನ್ನ ಊದು," ಎಂದರು ಮಾಸ್ತರರು, ಹಾರ್ಮೋನಿಯಮ್ಮನ್ನು ಹತ್ತಿರ ಎಳೆದುಕೊಳ್ಳುತ್ತ. "ಅವನು ಹಾಡು ನುಡಿಸ್ಲಿ. ನೀನು ಹಾಡು ಮುಟ್ಟಬ್ಯಾಡ. ಅದರ ಕೆಳಗೆ ಮೂವರು ಬಾಡಿಗೆದಾರರು ಇರ್ತಾರಲ್ಲ, ಒಬ್ಬನ್ನ ಹಿಡ್ಕ. ಕೀಬೋರ್ಡಿನೋನು ಮೇಲೆ ಜಿಗೀತಾ ಇರೋವಾಗ ನೀನು ಒಂದೇ ಮನೇಲಿ ನಿಂತ್ಕ. ಅವನು ನಿಂತಾಗ ನೀನು ಅರ್ಧ ಮನೆ ಸರಿ. ಎರಡು ದಾರಿ ಬೇರೆ ಬೇರೆ ಕೇಳಿದ್ರೆ ಕುರುಡನಿಗೂ ಗೊತ್ತಾಗ್ತೈತೆ, ಇಬ್ಬರು ಅವ್ರೆ ಅಂತ."

ಕತ್ತಲಾಗುವವರೆಗೆ ಕೂತು ಒಂದೇ ಹಳೆಯ ಯುಗಳಗೀತೆಯ ಮಧ್ಯದ ಬಿಟ್ಟನ್ನು, ಅಂದರೆ ವಾದ್ಯ ಮಾತ್ರ ನುಡಿಯುವ ಭಾಗವನ್ನು, ಹಾಗೆ ಸಾಧಿಸಿದರು. ಪ್ರತಿ ಸಲವೂ ಬಿಂದು ಬೇರೆಯವನ ಬೆನ್ನು ಹಿಡಿದಳು. ಪ್ರತಿ ಸಲವೂ ಬೇರೆ ದಾರಿ ಹುಟ್ಟಿತು.

ಹೊಸದುರ್ಗದಲ್ಲಿ ಆಟೋ ಚಾಲಕರ ಸಂಘದ ರಾಜ್ಯೋತ್ಸವ. ಬಸ್ ಸ್ಟ್ಯಾಂಡಿನ ಪಕ್ಕದ ಮೈದಾನದಲ್ಲಿ ಆಟೋಗಳಿಗೆಲ್ಲ ಕೆಂಪು ಹಳದಿ ಪೇಪರು ಸುತ್ತಿ ಸಾಲಾಗಿ ನಿಲ್ಲಿಸಿದ್ದರು. ಗುಡ್ಡದ ಮೇಲಿನ ಗಾಳಿಯಂತ್ರಗಳ ಕಡೆಯಿಂದ ಬೀಸುವ ಗಾಳಿಗೆ ಪೆಂಡಾಲಿನ ಬಟ್ಟೆ ಪಟಪಟ ಎನ್ನುತ್ತಿತ್ತು. ಸಂಜೆ ಏಳಕ್ಕೆ ಕುರ್ಚಿ ತುಂಬಿದವು. ತಮ್ಮನ ಮಗ ಸಂಘದ ಕಾರ್ಯದರ್ಶಿಯಾದ್ದರಿಂದ ಅನ್ನಪೂರ್ಣಮ್ಮನಿಗೆ ಮೊದಲ ಸಾಲು. ಪಕ್ಕದಲ್ಲಿ ತಮ್ಮನ ಹೆಂಡತಿ ದಾಕ್ಷಾಯಣಮ್ಮ, ಅವಳ ಪಕ್ಕ ಅವಳ ಬೀದಿಯ ನಾಲ್ಕು ಹೆಂಗಸರು. ತಮಾಷೆ ನೋಡಲು ಬಂದವರು.

ಸ್ಟೇಜಿನ ಹಿಂದೆ ಬಿಂದು ಡಬ್ಬಿಯಿಂದ ರೀಡು ತೆಗೆದಳು. ಒಣಗಿದ ರೀಡು ನುಡಿಯುವುದಿಲ್ಲ. ಬಾಯಲ್ಲಿಟ್ಟು ನೆನೆಸಬೇಕು. ನಾಲಿಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಳು. ಇದೇ ಎಂಜಲಿಗಾಗಿ ಅಲ್ಲವೇ ಇಡೀ ಊರಿನ ಹತ್ತಿರ ಜಗಳವಾಡಿದ್ದು ಎಂದುಕೊಂಡಳು. ರಿದಂ ಪ್ಯಾಡಿನ ಬೀರೇಶ್ ಅದನ್ನು ನೋಡಿದ. "ಬಿಂದಕ್ಕ, ಗುರಣ್ಣ ನೋಡಿದ್ರೆ..." ಎಂದ.

"ನೋಡ್ಲಿ," ಎಂದಳು, ರೀಡು ಕಚ್ಚಿಕೊಂಡೇ.

ಮೊದಲೆರಡು ಹಾಡಿಗೆ ಅವಳ ಕೆಲಸವಿರಲಿಲ್ಲ. ಮೂರನೆಯದು ಆ ಯುಗಳಗೀತೆ. ಹಾಡುಗಾರ ಮಂಜುನಾಥ್ ಪಲ್ಲವಿ ಮುಗಿಸಿ, ಅಭ್ಯಾಸದಂತೆ ಸ್ಟ್ಯಾಂಡಿನ ಮೈಕು ಬಿಟ್ಟು, ಚಪ್ಪಾಳೆ ತಟ್ಟುತ್ತ ಸ್ಟೇಜಿನ ಆ ತುದಿಗೆ ನಡೆದ. ಮಧ್ಯದ ಬಿಟ್ಟು ಶುರುವಾಯಿತು. ಗುರುರಾಜನ ಬಲಗೈ ಸ್ಯಾಕ್ಸ್ ಟೋನಿಗೆ ಇಳಿಯಿತು. ಬಿಂದು ತನ್ನ ಸತ್ತ ಮೈಕಿನ ಮುಂದಿನಿಂದ ಸರಿದು, ನೆಟ್ಟಗೆ ನಡೆದು ಬಂದು, ಮಂಜುನಾಥನ ಮೈಕಿಗೆ ಸ್ಯಾಕ್ಸೋಫೋನಿನ ಬಾಯಿ ಹಿಡಿದಳು. ಆ ಮೈಕನ್ನು ಮುಚ್ಚಿಸುವ ಹಾಗಿಲ್ಲ, ಮುಚ್ಚಿಸಿದರೆ ಹಾಡುಗಾರನೇ ಮೂಗ.

ಅವಳು ಒಂದೇ ಸ್ವರ ಹಿಡಿದಳು. ಕೀಬೋರ್ಡಿನ ಹಾಡು ಮೇಲೆ ಕೆಳಗೆ ಕುಣಿಯುತ್ತಿತ್ತು, ಅವಳು ಅಲ್ಲಾಡಲಿಲ್ಲ. ಕಾರ್ಡ್ ಬದಲಾಯಿತು, ಆಗಲೂ ಅಲ್ಲೇ ಇದ್ದಳು, ಯಾಕೆಂದರೆ ಅವಳು ಹಿಡಿದವನಿಗೆ ಅಲ್ಲೂ ಜಾಗವಿತ್ತು. ಮುಂದಿನ ಕಾರ್ಡಿಗೆ ಅರ್ಧ ಮನೆ ಕೆಳಗೆ ಸರಿದಳು. ಅಷ್ಟೇ. ಅಷ್ಟಕ್ಕೇ ಮೊದಲ ಸಾಲಿನ ಆಟೋದವನೊಬ್ಬ ಪಕ್ಕದವನನ್ನು ತಿವಿದ. "ಲೇ, ಎರಡು ಕೇಳ್ತಾ ಐತಲ್ಲೋ! ಅಕ್ಕ ಒಂದು, ಇನ್ನೊಂದ್ ಯಾರದು?"

ಇನ್ನೊಂದು ಯಾರದು ಎಂದು ಜನ ಹುಡುಕತೊಡಗಿದರು. ಕಣ್ಣುಗಳೆಲ್ಲ ಮೆಲ್ಲಗೆ ಗುರುರಾಜನ ಬಲಗೈಗೆ ಹೋದವು.

ಗುರುರಾಜ ಜನರ ಕಡೆ ನಗುತ್ತಿದ್ದ, ಹಲ್ಲು ಕಚ್ಚಿ. ಎಡಗೈ ಬಿಡುವಾದ ಒಂದು ಗಳಿಗೆಯಲ್ಲಿ ಒಂದು ಗುಂಡಿ ಒತ್ತಿದ. ಇಡೀ ಶ್ರುತಿಯನ್ನು ಅರ್ಧ ಮನೆ ಮೇಲೇರಿಸುವ ಗುಂಡಿ. ಕೀಬೋರ್ಡಿನವನಿಗೆ ಅದರಿಂದ ಏನೂ ಕಷ್ಟವಿಲ್ಲ, ಅದೇ ಕಟ್ಟೆಗಳನ್ನೇ ಒತ್ತುತ್ತಾನೆ, ಸದ್ದು ಮಾತ್ರ ಬೇರೆ ಊರಲ್ಲಿ ಏಳುತ್ತದೆ. ಸ್ಯಾಕ್ಸೋಫೋನಿನವಳು ಮಾತ್ರ ಹತ್ತೂ ಬೆರಳಿನ ಲೆಕ್ಕ ಹೊಸದಾಗಿ ಹಾಕಬೇಕು. ಬಿಂದುವಿನ ಸ್ವರ ಅಲ್ಲೇ ಉಳಿಯಿತು, ಹಾಲಿಗೆ ಹುಳಿ ಹಿಂಡಿದಂತಾಯಿತು. ಮೈದಾನಕ್ಕೆ ಮೈದಾನವೇ ಮುಖ ಕಿವಿಚಿತು. ದಾಕ್ಷಾಯಣಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡದ್ದು ಬಿಂದುವಿಗೆ ಕಂಡಿತು. ಅಮ್ಮನ ಮುಖ ನೋಡುವ ಧೈರ್ಯ ಬರಲಿಲ್ಲ.

ನಿಲ್ಲಿಸಿಬಿಡು ಎಂದಿತು ಎದೆ. ಬೀದೀಲಿ ನಿಂತು ಅಳ್ತೀಯಾ ಎಂದ ಮಾಸ್ತರರ ಮಾತೂ ಅಲ್ಲೇ ಇತ್ತು. ಅವಳು ಊದುವುದನ್ನು ನಿಲ್ಲಿಸಲಿಲ್ಲ. ಉಸಿರು ಕಡಿಯದೆ ಅರ್ಧ ಮನೆ ಮೇಲೆ ಸರಿದಳು. ಬಾಗಿಲು ತೆಗೆದೇ ಇತ್ತು. ಕಹಿಯಾಗಿದ್ದದ್ದು ಬೇಕೆಂದೇ ಕಹಿ ಮಾಡಿ ಸಿಹಿಗೆ ತಂದ ಹಾಗೆ ಕೇಳಿಸಿತು. ಆಟೋದವರು ಹೋ ಎಂದರು.

ಗುರುರಾಜ ಮುಂದಿನ ಕಾರ್ಡು ಬದಲಾಗುವ ಹೊತ್ತಿಗೇ ಸರಿಯಾಗಿ ಮತ್ತೆ ಗುಂಡಿ ಒತ್ತಿದ. ಈ ಸಲ ಬಿಂದು ಸರಿಯಲೇ ಇಲ್ಲ. ಅವಳು ನಿಂತಿದ್ದ ಮನೆ ಹೊಸ ಶ್ರುತಿಯ ಹೊಸ ಕಾರ್ಡಿನಲ್ಲೂ ಇತ್ತು. ಅವಳಿಗದು ಲೆಕ್ಕದಿಂದ ತಿಳಿಯಲಿಲ್ಲ, ಕಾಲ ಕೆಳಗಿನ ನೆಲ ಗಟ್ಟಿಯಿದೆ ಎಂದು ತಿಳಿಯುವ ಹಾಗೆ ತಿಳಿಯಿತು. ಸುತ್ತ ಎಲ್ಲ ಬದಲಾಯಿತು, ಅವಳು ಮಾತ್ರ ಇದ್ದಲ್ಲೇ ಇದ್ದು ಇನ್ನೂ ಜೋರಾಗಿ ಊದಿದಳು. ಒತ್ತಪ್ಪ, ಎಷ್ಟು ಗುಂಡಿ ಇದೆಯೋ ಅಷ್ಟೂ ಒತ್ತು ಎನ್ನುವ ಹಾಗೆ.

ಈಗ ಬಿಟ್ಟು ಮುಗಿಯಬೇಕು, ಮಂಜುನಾಥ್ ಚರಣ ಎತ್ತಿಕೊಳ್ಳಬೇಕು. ಅವನು ಮೈಕಿನ ಹತ್ತಿರ ಬಂದವನೇ ತಬ್ಬಿಬ್ಬಾದ. ಹಾಡು ಶುರುವಾದ ಶ್ರುತಿ ಎಲ್ಲೋ, ಕೀಬೋರ್ಡು ಈಗಿರುವುದು ಎಲ್ಲೋ. ಗುರುರಾಜನೂ ಆತುರದಲ್ಲಿ ಗುಂಡಿಯ ಲೆಕ್ಕ ತಪ್ಪಿಸಿಕೊಂಡಿದ್ದ. ಕಣ್ಣು ಕಿರಿದು ಮಾಡಿ ಪುಟ್ಟ ಪರದೆಯ ಮೇಲಿನ ಅಂಕಿ ನೋಡುತ್ತಿದ್ದ, ಗಾಳಿಗೆ ಹಾರಿದ ಪೆಂಡಾಲಿನ ಬಟ್ಟೆಯೊಂದು ಅದರ ಮೇಲೇ ಬಂದು ಬಿದ್ದಿತ್ತು. ಬಿಂದು ಅರ್ಧ ಮನೆ ಇಳಿದಳು. ಇನ್ನೊಂದು ಅರ್ಧ ಮನೆ ಇಳಿದಳು. ಚರಣ ಹುಟ್ಟುವ ಸ್ವರಕ್ಕೆ ಬಂದು ನಿಂತು, ಮಂಜುನಾಥನ ಕಡೆ ತಿರುಗಿ, ಅದನ್ನೇ ಹಿಡಿದಳು. ಅವನು ಆ ಸ್ವರದಿಂದಲೇ ಹಾಡು ಎತ್ತಿಕೊಂಡ. ಗುರುರಾಜ ಗುಂಡಿಗಳನ್ನು ತಡಕಾಡಿ, ಒಂದು ಸಲ ತಪ್ಪಿ, ಎರಡು ಸಲ ತಪ್ಪಿ, ಕೊನೆಗೂ ಅವಳಿದ್ದ ಮನೆಗೇ ಬಂದು ಸೇರಿದ.

ಎರಡನೆಯ ಬಿಟ್ಟಿಗೆ ಅವನು ಬಲಗೈಯನ್ನು ಕೀಬೋರ್ಡಿನಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಒಬ್ಬಳೇ ಊದು, ಬೀಳು ಎಂದು. ಎಡಗೈಯ ಕಾರ್ಡುಗಳು ಮಾತ್ರ ಉಳಿದವು. ಬೀರೇಶ್ ಪ್ಯಾಡಿನ ಸದ್ದು ತಗ್ಗಿಸಿ ದಾರಿ ಬಿಟ್ಟ. ಬಿಂದು ಈಗಲೂ ಹಾಡನ್ನು ಊದಲಿಲ್ಲ. ಓಣಿಯ ಒಬ್ಬ ಬಾಡಿಗೆದಾರನಿಂದ ಇನ್ನೊಬ್ಬನಿಗೆ, ಒಂದು ಜಗಲಿಯಿಂದ ಪಕ್ಕದ ಜಗಲಿಗೆ, ತೀರ ಹತ್ತಿರ ಹತ್ತಿರ ಹೆಜ್ಜೆ ಹಾಕುತ್ತ ಹೋದಳು. ಶಿಳ್ಳೆ ಇರಲಿಲ್ಲ. ಜನ ಕತ್ತು ಮುಂದೆ ಚಾಚಿ ಕೇಳುತ್ತಿದ್ದರು. ಅವಳ ಬೆನ್ನು ಬೆವತಿತ್ತು, ತುಟಿ ಉರಿಯುತ್ತಿತ್ತು. ಇಷ್ಟು ಸುಖ ಬದುಕಿನಲ್ಲಿ ಇದೆ ಎಂಬುದೇ ಅವಳಿಗೆ ಈ ಆರು ತಿಂಗಳಲ್ಲಿ ಮರೆತುಹೋಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಸ್ಟೇಜಿನ ಹಿಂದೆ ಅವಳು ಗುಂಡನ್ನು ಇಳಿಬಿಟ್ಟು ಬಟ್ಟೆ ಎಳೆದು ಡಬ್ಬಿಯ ಮೇಲಿಟ್ಟಳು. ಗುರುರಾಜ ಬಂದ.

"ನಾಳೆಯಿಂದ ಬರ್ಬ್ಯಾಡ. ಈ ಜಿಲ್ಲೇಲಿ ಯಾವ ಸ್ಟೇಜೂ ಹತ್ತದಂಗೆ ನೋಡ್ಕಂತೀನಿ."

"ನಾಳೆ ಬರಲ್ಲ ಸಾರ್. ಪೋಸ್ಟರಲ್ಲಿ ನನ್ ಫೋಟೋ ತಗ್ದುಬಿಡ್ರಿ," ಎಂದಳು ಬಿಂದು. "ಹಿಡ್ಕಂಡು ನಿಲ್ಲಾಕೆ ಯಾರಾದ್ರೂ ಬೇಕಾದ್ರೆ ಹೇಳ್ರಿ. ನಮ್ಮಪ್ಪನ ಅಂಗಡಿಯಿಂದ ಒಂದು ಹಿತ್ತಾಳೆ ಕೊಡ ಕಳಿಸ್ತೀನಿ. ಅದು ಸದ್ದೂ ಮಾಡಲ್ಲ, ಹೊಳಪೂ ಇರ್ತೈತೆ. ಇನ್ನ ಸ್ಟೇಜು ಹತ್ತದಂಗೆ ನೋಡ್ಕಳೋದು. ಮೊದ್ಲು ಕಿಟಕಿ ತಗ್ದು ಬೀದಿಗೇ ಕೇಳಂಗೆ ಊದ್ತಿದ್ದೋಳು ನಾನು. ಅದಕ್ಕೇನ್ಮಾಡ್ತೀರಿ?"

ಬೀರೇಶ್ ನಕ್ಕುಬಿಟ್ಟ. ಗುರುರಾಜ ಅವನ ಕಡೆ ತಿರುಗಿ ಏನೋ ಅನ್ನಲು ಹೋಗಿ, ಹಿಂದೆ ಹೆಂಗಸರು ಬರುವುದನ್ನು ಕಂಡು ಆಚೆ ಹೋದ.

ಅನ್ನಪೂರ್ಣಮ್ಮ ಮುಂದೆ, ದಾಕ್ಷಾಯಣಮ್ಮ ಹಿಂದೆ. ಬಿಂದು ಎದ್ದು ನಿಂತಳು. ಈಗ ಬೈಗುಳ ಶುರುವಾಗುತ್ತದೆ ಎಂದು ಗೊತ್ತಿತ್ತು. ತಯಾರಾಗಿಯೂ ಇದ್ದಳು. ಬೈದರೂ ಊದುತ್ತೇನೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು.

ಅನ್ನಪೂರ್ಣಮ್ಮ ಮಗಳ ಮುಖ ನೋಡಲಿಲ್ಲ. ಡಬ್ಬಿಯ ಮೇಲಿನ ಬಟ್ಟೆಯನ್ನು ನೋಡಿದಳು. ಬಗ್ಗಿ ಅದನ್ನು ಎತ್ತಿಕೊಂಡಳು. ಎರಡು ಬೆರಳಲ್ಲಿ ಅಲ್ಲ, ಇಡೀ ಮುಷ್ಟಿಯಲ್ಲಿ. ಒತ್ತಿ ನೋಡಿದಳು, ಇನ್ನೊಮ್ಮೆ ಒತ್ತಿದಳು.

"ಅಯ್ಯೋ ಅತ್ತಿಗೆ, ಬಿಡ್ರಿ ಅದನ್ನ," ಎಂದಳು ದಾಕ್ಷಾಯಣಮ್ಮ. "ಎಂಜಲು ಅದು."

ಅನ್ನಪೂರ್ಣಮ್ಮ ಅವಳ ಕೈಯನ್ನು ಎಳೆದು, ಬೆರಳು ಬಿಡಿಸಿ, ಅಂಗೈಯಲ್ಲಿ ಆ ಬಟ್ಟೆಯನ್ನು ಒತ್ತಿದಳು.

"ಹಿಡಿ ದಾಕ್ಷಾಯಣಿ, ನೀನೇ ಹಿಡ್ದು ನೋಡು. ಒದ್ದೆ ಐತೋ ಇಲ್ವೋ ಹೇಳು. ನನ್ ಮಗಳ ಎಂಜಲು ಇದು."